ಒಂದೇ ಹೆಸರಿನ ಎರಡು ಮ್ಯಾಕ್ರೊ: ತೂಬಿನ ನೀರಿನ ಮಟ್ಟ ಅಳೆಯುವ ಪ್ರೋಗ್ರಾಂನಲ್ಲಿ ಆದ ತಪ್ಪು

ಗಂಗಾವತಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಗದ್ದೆ ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆಯ ಕೆಳಭಾಗದಲ್ಲಿದೆ. ಭತ್ತ ನಾಟಿಯಾದ ಮೇಲೆ ತೂಬಿಗೆ ನೀರು ಬರುತ್ತಿದೆಯೋ ಇಲ್ಲವೋ ಎಂದು ನೋಡಲು ನಮ್ಮ ತಂದೆ ರಾತ್ರಿ ಎರಡು ಸಲ ಬ್ಯಾಟರಿ ಹಿಡಿದುಕೊಂಡು ಹೋಗಿ ಬರುತ್ತಾರೆ. ಆ ತಿರುಗಾಟ ತಪ್ಪಿಸಬೇಕೆಂದು ತೂಬಿನ ಮೇಲಿನ ಚಪ್ಪಡಿಗೆ ಒಂದು ಅಲ್ಟ್ರಾಸಾನಿಕ್ ಸೆನ್ಸರ್ ಕಟ್ಟಿ, ಅದನ್ನು ಆರ್ಡುಯಿನೊ ಊನೊ ಬೋರ್ಡಿಗೂ ಒಂದು ಜಿಎಸ್‌ಎಂ ಮಾಡ್ಯೂಲಿಗೂ ಜೋಡಿಸಿ, ನೀರು ಇಳಿದರೆ ಮೊಬೈಲಿಗೆ ಸಂದೇಶ ಬರುವಂತೆ ಪ್ರೋಗ್ರಾಂ ಬರೆದೆ. ತೂಬು ತುಂಬಿ ಹರಿಯುವಾಗ ಸೆನ್ಸರಿನಿಂದ ನೀರಿಗೆ ಸುಮಾರು 70 ಸೆಂಟಿಮೀಟರ್ ದೂರ ಇರುತ್ತದೆ. ಅದು 180 ದಾಟಿತೆಂದರೆ ನಮ್ಮ ಗದ್ದೆಗೆ ನೀರು ಏರುವುದಿಲ್ಲ.

ನಾಲ್ಕು ದಿನ ಒಂದು ಸಂದೇಶವೂ ಬರಲಿಲ್ಲ. ಬರಲಿಲ್ಲವಾದ್ದರಿಂದ ನೀರಿದೆ ಎಂದೇ ತಿಳಿದೆವು. ಐದನೆಯ ದಿನ ಬೆಳಗ್ಗೆ ತಂದೆ ಹೋಗಿ ನೋಡಿದರೆ ಕಾಲುವೆಯ ತಳದ ಕೆಸರು ಕಾಣುತ್ತಿತ್ತು, ಗದ್ದೆಯಲ್ಲಿ ನಿಂತಿದ್ದ ನೀರೂ ಇಂಗಿಹೋಗಿತ್ತು. ಲ್ಯಾಪ್‌ಟಾಪ್ ಒಯ್ದು ನೋಡಿದೆ: ಸೀರಿಯಲ್ ಮಾನಿಟರಿನಲ್ಲಿ ದೂರ 205 ಎಂದು ಸರಿಯಾಗಿಯೇ ಬರುತ್ತಿದೆ, ಆದರೂ ಸಂದೇಶ ಹೋಗುತ್ತಿಲ್ಲ.

ಮುಖ್ಯ ಕಡತದಲ್ಲಿ ಮೊದಲು ಸೆನ್ಸರ್ ಲೈಬ್ರರಿಯ ಹೆಡರನ್ನೂ (ಬೇರೆ ಕಡತಗಳಿಗೆ ಸೇರಿಸಿಕೊಳ್ಳುವ ಘೋಷಣೆಗಳ ಕಡತ) ನಂತರ ನನ್ನ ಸೆಟ್ಟಿಂಗ್ಸ್ ಹೆಡರನ್ನೂ ಸೇರಿಸಿದ್ದೇನೆ. ನನ್ನ ಹೆಡರಿನಲ್ಲಿ ಇರುವುದು ಇಷ್ಟು (ಎಲ್ಲರಿಗೂ ಓದಲು ಅನುಕೂಲವಾಗಲೆಂದು ಕೋಡನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ):

#ಇಫ್‌ಎನ್‌ಡೆಫ್ ಮ್ಯಾಕ್ಸ್_ಡಿಸ್ಟೆನ್ಸ್
#ಡಿಫೈನ್ ಮ್ಯಾಕ್ಸ್_ಡಿಸ್ಟೆನ್ಸ್ 180
#ಎಂಡ್‌ಇಫ್

ಮುಖ್ಯ ಕಡತದಲ್ಲಿ ಎರಡು ಪರೀಕ್ಷೆಗಳಿವೆ. ಮೊದಲನೆಯದನ್ನು ಲೈಬ್ರರಿಯ ಉದಾಹರಣೆಯಿಂದಲೇ ತೆಗೆದುಕೊಂಡೆ:

ಇಫ್ (ದೂರ == ಮ್ಯಾಕ್ಸ್_ಡಿಸ್ಟೆನ್ಸ್) ಸೆನ್ಸರ್_ಕೆಟ್ಟಿದೆ();
ಎಲ್ಸ್ ಇಫ್ (ದೂರ > ಮ್ಯಾಕ್ಸ್_ಡಿಸ್ಟೆನ್ಸ್) ನೀರು_ಇಳಿದಿದೆ();

ಕಂಪೈಲ್ ಮಾಡುವಾಗ ಒಂದು ದೋಷವಾಗಲಿ ಎಚ್ಚರಿಕೆಯಾಗಲಿ ಬರಲಿಲ್ಲ. ಎಲ್ಲಿ ತಪ್ಪಿದೆ ಎಂದು ದಯವಿಟ್ಟು ತಿಳಿಸಿ.

ಸಿಂಧನೂರಿನ ವಿದ್ಯಾರ್ಥಿ

ಅಣ್ಣಾ, ಡಿಫೈನ್ ಸಾಲಿನಲ್ಲಿ ಹೆಸರಿಟ್ಟದ್ದು ಮ್ಯಾಕ್ರೊ, ಅಂದರೆ ಆ ಹೆಸರು ಕಂಡಲ್ಲೆಲ್ಲ ಅದರ ಪಠ್ಯವನ್ನು ಇಡಲಾಗುತ್ತದೆ. ಇಫ್‌ಎನ್‌ಡೆಫ್ ಎಂದರೆ 'ಈ ಹೆಸರು ಇನ್ನೂ ಇಲ್ಲದಿದ್ದರೆ ಮಾತ್ರ'. ಲೈಬ್ರರಿಯ ಹೆಡರಿನಲ್ಲೂ ಇದೇ ಹೆಸರಿನ ಮ್ಯಾಕ್ರೊ ಇರಬೇಕು. ಅದು ಮೊದಲು ಬಂದಿರುವುದರಿಂದ ನಿಮ್ಮ 180 ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಸೆಟ್ಟಿಂಗ್ಸ್ ಹೆಡರನ್ನು ಲೈಬ್ರರಿಗಿಂತ ಮೇಲೆ ಹಾಕಿ ನೋಡಿ.

ಗಂಗಾವತಿಯಿಂದ

ಹೌದು ತಮ್ಮಾ, ಲೈಬ್ರರಿಯ ಹೆಡರ್ ತೆರೆದು ನೋಡಿದೆ, ಅಲ್ಲಿಯೂ ಅದೇ ಮೂರು ಸಾಲುಗಳಿವೆ, ಬೆಲೆ ಮಾತ್ರ 400. ಸಾಲುಗಳನ್ನು ಮೇಲೆ ಕೆಳಗೆ ಮಾಡಿದ ಕೂಡಲೇ ಸಂದೇಶ ಬಂತು. ತುಂಬಾ ಉಪಕಾರವಾಯಿತು. ಇವತ್ತೇ ಮತ್ತೆ ತೂಬಿಗೆ ಕಟ್ಟುತ್ತೇನೆ.

ಬಳ್ಳಾರಿಯ ಉಪನ್ಯಾಸಕಿ

ದಯವಿಟ್ಟು ಇವತ್ತೇ ಕಟ್ಟಬೇಡಿ. ಸಾಲು ಅದಲುಬದಲು ಮಾಡಿದ್ದರಿಂದ ನೀವು ಕಂಡ ತಪ್ಪು ಹೋಗಿದೆ, ಅದರ ಜಾಗದಲ್ಲಿ ನೀವಿನ್ನೂ ಕಾಣದ ಇನ್ನೊಂದು ಬಂದಿದೆ. ವಿದ್ಯಾರ್ಥಿ ಹೇಳಿದ ಕಾರಣ ಸರಿಯಾಗಿದೆ, ಆದರೆ ಪರಿಹಾರ ಸರಿಯಿಲ್ಲ. ಏಕೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಪ್ರತಿ ವರ್ಷ ನನ್ನ ತರಗತಿಯಲ್ಲಿ ಇದೇ ಜಾಗದಲ್ಲಿ ಹುಡುಗರು ಎಡವುತ್ತಾರೆ.

ಸಿ ಮತ್ತು ಸಿ++ ಭಾಷೆಗಳಲ್ಲಿ ಇನ್‌ಕ್ಲೂಡ್ ಎಂಬುದು ನಿಜವಾದ ಅರ್ಥದಲ್ಲಿ ಇಂಪೋರ್ಟ್ ಅಲ್ಲ. ಕಂಪೈಲ್ ಆಗುವ ಮೊದಲು ಪಠ್ಯವನ್ನು ಸಿದ್ಧಪಡಿಸುವ ಪ್ರೀಪ್ರೊಸೆಸರ್ ಆ ಹೆಡರಿನ ಅಷ್ಟೂ ಪಠ್ಯವನ್ನು ಆ ಸಾಲಿದ್ದ ಜಾಗದಲ್ಲಿ ಇಳಿಸುತ್ತದೆ, ಅಷ್ಟೇ. ಹಾಗೆ ಇಳಿದ ಪಠ್ಯದಲ್ಲಿ ಒಂದು ಮ್ಯಾಕ್ರೊ ಇದ್ದರೆ, ಅದು ಡಿಫೈನ್ ಆದ ಸಾಲಿನಿಂದ ಹಿಡಿದು ಹೆಡರನ್ನು ಸೇರಿಸಿಕೊಂಡ ಕಡತ ಮುಗಿಯುವವರೆಗೆ ಅಥವಾ ಯಾರಾದರೂ ಅನ್‌ಡೆಫ್ ಎಂದು ಬರೆದು ಅದನ್ನು ಅಳಿಸುವವರೆಗೆ ಜಾರಿಯಲ್ಲಿರುತ್ತದೆ. ಅದಕ್ಕೆ ನೇಮ್‌ಸ್ಪೇಸ್ (ಹೆಸರುಗಳನ್ನು ಗುಂಪಾಗಿ ಬೇರೆ ಇಡುವ ಆವರಣ) ಗೊತ್ತಿಲ್ಲ, ಕ್ಲಾಸ್ ಗೊತ್ತಿಲ್ಲ, ಫಂಕ್ಷನ್ನಿನ ಆವರಣ ಗೊತ್ತಿಲ್ಲ. ಹುಲಿಗಿ ಜಾತ್ರೆಯಲ್ಲಿ ನಿಂತು 'ಹುಲಿಗೆಮ್ಮಾ' ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಾರೆ, ಆಗ ನಾವು ಊರಿನ ಹೆಸರನ್ನೋ ಮನೆತನದ ಹೆಸರನ್ನೋ ಸೇರಿಸಿ ಕೂಗುತ್ತೇವೆ. ಪ್ರೀಪ್ರೊಸೆಸರಿಗೆ ಊರೂ ಇಲ್ಲ, ಮನೆತನವೂ ಇಲ್ಲ. ಆ ಕ್ಷಣಕ್ಕೆ ಪಟ್ಟಿಯಲ್ಲಿ ಯಾರ ಹೆಸರಿದೆಯೋ ಅವರನ್ನೇ ಹಿಡಿದು ತರುತ್ತದೆ.

ನೀವು ಇಫ್‌ಎನ್‌ಡೆಫ್ ಇಲ್ಲದೆ ನೇರವಾಗಿ ಡಿಫೈನ್ ಬರೆದಿದ್ದರೆ, ಒಂದೇ ಹೆಸರಿಗೆ ಬೇರೆ ಬೆಲೆ ಕೊಟ್ಟಿದ್ದೀರಿ ಎಂದು ಜಿಸಿಸಿ ಕಂಪೈಲರ್ ಎಚ್ಚರಿಸಿ, ಹಿಂದಿನ ವ್ಯಾಖ್ಯೆ ಯಾವ ಕಡತದ ಯಾವ ಸಾಲಿನಲ್ಲಿದೆ ಎಂದೂ ತೋರಿಸುತ್ತಿತ್ತು. ಆದರೆ ಪ್ರೋಗ್ರಾಂ ಬರೆಯಲು ಬಳಸುವ ಆರ್ಡುಯಿನೊ ಐಡಿಇಯಲ್ಲಿ ಕಂಪೈಲರಿನ ಎಚ್ಚರಿಕೆಗಳು ಮೊದಲಿನಿಂದಲೇ ಮುಚ್ಚಿರುತ್ತವೆ. ಪ್ರಿಫರೆನ್ಸಸ್‌ಗೆ ಹೋಗಿ 'ಆಲ್' ಎಂದು ಆರಿಸಿಕೊಳ್ಳಬೇಕು. ಇಫ್‌ಎನ್‌ಡೆಫ್ ಬರೆದಾಗಲಂತೂ ಅದನ್ನು ತೆರೆದರೂ ಪ್ರಯೋಜನವಿಲ್ಲ, ಏಕೆಂದರೆ 'ಈ ಹೆಸರು ಈಗಾಗಲೇ ಇದ್ದರೆ ನನ್ನದನ್ನು ಬಿಟ್ಟುಬಿಡು' ಎಂದು ನೀವೇ ಬರೆದುಕೊಟ್ಟಂತಾಯಿತು. ಹೆಡರ್ ಎರಡು ಸಲ ಸೇರದಂತೆ ಇಡೀ ಕಡತಕ್ಕೆ ಹಾಕುವ ಕಾವಲನ್ನು ನೋಡಿ, ಅದೇ ರೂಪವನ್ನು ಒಂದೊಂದು ಬೆಲೆಗೂ ಹಾಕುವ ಅಭ್ಯಾಸ ಬಹಳ ಜನರಿಗಿದೆ. ಬೇರೆಯವರು ಬದಲಿಸಬಹುದಾದ ಬೆಲೆಗೆ ಲೈಬ್ರರಿ ಬರೆಯುವವರು ಅದನ್ನು ಬಳಸಿದರೆ ಅರ್ಥವಿದೆ, ನಿಮ್ಮ ಸ್ವಂತ ಸೆಟ್ಟಿಂಗ್ಸಿಗೆ ಅದು ಹೊಂದುವುದಿಲ್ಲ.

ಈಗ ಅದಲುಬದಲಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಮುಖ್ಯ ಕಡತ ಒಂದು ಘಟಕವಾಗಿ ಕಂಪೈಲ್ ಆಗುತ್ತದೆ, ಲೈಬ್ರರಿಯ ಕೆಲಸದ ಕೋಡಿರುವ ಸಿಪಿಪಿ ಕಡತ ಬೇರೆಯೇ ಘಟಕವಾಗಿ ಕಂಪೈಲ್ ಆಗುತ್ತದೆ. ನೀವು ಮುಖ್ಯ ಕಡತದಲ್ಲಿ ಏನನ್ನು ಡಿಫೈನ್ ಮಾಡಿದರೂ ಅದು ಆ ಕಡತಕ್ಕೆ ತಲುಪುವುದಿಲ್ಲ. ಹಾಗಾಗಿ ಈಗ ನಿಮ್ಮ ಪ್ರೋಗ್ರಾಂನ ಒಂದು ಅರ್ಧದಲ್ಲಿ ಮ್ಯಾಕ್ಸ್_ಡಿಸ್ಟೆನ್ಸ್ ಎಂದರೆ 180, ಇನ್ನೊಂದು ಅರ್ಧದಲ್ಲಿ 400. ಪ್ರತಿಧ್ವನಿ ಮರಳಿ ಬರದಿದ್ದರೆ ಲೈಬ್ರರಿ ತನ್ನ ಗರಿಷ್ಠ ಬೆಲೆಯನ್ನು, ಅಂದರೆ 400ನ್ನು, ಕೊಡುತ್ತದೆ ಎಂಬುದು ನಿಮ್ಮ ಮೊದಲ ಪರೀಕ್ಷೆಯಿಂದಲೇ ತಿಳಿಯುತ್ತದೆ. ನಿಮ್ಮ ಕಡತ ಅದನ್ನು 180ರ ಜೊತೆ ಹೋಲಿಸಿ 'ಸೆನ್ಸರ್ ಸರಿ ಇದೆ' ಎಂದು ಮುಂದಕ್ಕೆ ಹೋಗಿ, 400 ಎಂಬುದು 180ಕ್ಕಿಂತ ದೊಡ್ಡದೆಂದು 'ನೀರು ಇಳಿದಿದೆ' ಎಂದು ಸಂದೇಶ ಕಳಿಸುತ್ತದೆ. ಇಲಿ ವೈರು ಕಡಿದರೂ ನಿಮ್ಮ ತಂದೆಯವರಿಗೆ ನೀರಿಲ್ಲವೆಂದೇ ಸುದ್ದಿ ಹೋಗುತ್ತದೆ. ಲೈಬ್ರರಿಯ ಹೆಡರಿನ ಒಳಗೆ ಈ ಮ್ಯಾಕ್ರೊ ಬಳಸುವ ಇನ್‌ಲೈನ್ ಫಂಕ್ಷನ್ ಏನಾದರೂ ಇದ್ದರೆ ಸ್ಥಿತಿ ಇನ್ನೂ ಕೆಟ್ಟದು: ಒಂದೇ ಫಂಕ್ಷನ್ನಿಗೆ ಎರಡು ಬೇರೆ ಬೇರೆ ದೇಹಗಳಾದಂತಾಗಿ, ಯಾವುದು ಉಳಿಯುತ್ತದೆ ಎಂಬುದಕ್ಕೆ ಭಾಷೆ ಯಾವ ಖಾತರಿಯನ್ನೂ ಕೊಡುವುದಿಲ್ಲ.

ನೀವು ಎಲ್ಲಾದರೂ ಮಿನ್ ಬಳಸಿದ್ದೀರಾ ಎಂಬುದನ್ನೂ ನೋಡಿಕೊಳ್ಳಿ. ಊನೊ ಬೋರ್ಡಿನ ಆರ್ಡುಯಿನೊ ಹೆಡರಿನಲ್ಲಿ ಮಿನ್ ಎಂಬುದು ಫಂಕ್ಷನ್ ಅಲ್ಲ, ಮ್ಯಾಕ್ರೊ. ಮಿನ್(ಓದು(), 180) ಎಂದು ಬರೆದರೆ ಅದು ಹೀಗೆ ಬಿಚ್ಚಿಕೊಳ್ಳುತ್ತದೆ:

((ಓದು())<(180)?(ಓದು()):(180))

ಸೆನ್ಸರನ್ನು ಎರಡು ಸಲ ಓದಲಾಗುತ್ತಿದೆ. ಮೊದಲ ಓದಿನಲ್ಲಿ 179 ಬಂದು ಪರೀಕ್ಷೆ ಪಾಸಾಗುತ್ತದೆ, ಅಷ್ಟರಲ್ಲಿ ಒಂದು ಅಲೆ ಇಳಿದು ಎರಡನೆಯ ಓದಿನಲ್ಲಿ 183 ಬಂದರೆ, 180ಕ್ಕಿಂತ ಹೆಚ್ಚಾಗಲೇಬಾರದ ಉತ್ತರ 183 ಆಗಿ ಹೊರಗೆ ಬರುತ್ತದೆ. ಗಣಿತದ ಮಿನ್ ಎಂದುಕೊಂಡು ಬಳಸಿದ ಹೆಸರು ಬೇರೊಂದು ಹೆಡರಿನಿಂದ ಬಂದ ಬೇರೆಯದೇ ವಸ್ತು ಆಗಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಂಡಿಲ್ಲ.

ಒಂದು ಕೆಲಸ ಮಾಡಿ. ಜಿಸಿಸಿಗೆ ದೊಡ್ಡಕ್ಷರದ 'ಇ' ಆಯ್ಕೆ ಕೊಟ್ಟರೆ ಪ್ರೀಪ್ರೊಸೆಸರ್ ಮುಗಿಸಿದ ಪಠ್ಯವನ್ನು ಹಾಗೆಯೇ ತೋರಿಸುತ್ತದೆ. ಅದರ ಜೊತೆಗೆ ಸಣ್ಣ 'ಡಿ' ದೊಡ್ಡ 'ಎಂ' ಸೇರಿದ ಆಯ್ಕೆಯನ್ನೂ ಕೊಟ್ಟರೆ ಜಾರಿಯಲ್ಲಿರುವ ಎಲ್ಲ ಮ್ಯಾಕ್ರೊಗಳ ಪಟ್ಟಿ ಬರುತ್ತದೆ. ನಿಮ್ಮ ಮೂಲ ಕಡತದ ಮೇಲೆ ಅದನ್ನು ಓಡಿಸಿ, ಇಫ್ ಸಾಲು ಏನಾಗಿದೆ ಎಂದು ನಿಮ್ಮ ಕಣ್ಣಾರೆ ನೋಡಿ.

ಗಂಗಾವತಿಯಿಂದ

ಮೇಡಂ, ನೋಡಿದೆ. ಮೂಲ ಕಡತದಲ್ಲಿ ನಾನು ಬರೆದ ಸಾಲು 'ಎಲ್ಸ್ ಇಫ್ (ದೂರ > 400)' ಎಂದು ಆಗಿತ್ತು. ಲೈಬ್ರರಿ 400ಕ್ಕಿಂತ ಹೆಚ್ಚು ಕೊಡುವುದೇ ಇಲ್ಲವಾದ್ದರಿಂದ ಆ ಸಾಲು ಯಾವ ಕಾಲಕ್ಕೂ ನಿಜವಾಗುತ್ತಿರಲಿಲ್ಲ. ನಂತರ ನೀವು ಹೇಳಿದ ಎರಡನೆಯ ತಪ್ಪನ್ನೂ ಪರೀಕ್ಷಿಸಿದೆ: ಅದಲುಬದಲು ಮಾಡಿದ ಪ್ರೋಗ್ರಾಂ ಓಡುತ್ತಿರುವಾಗ ಸೆನ್ಸರಿನ ಎಕೊ ವೈರನ್ನು ಕಿತ್ತೆ, 'ನೀರು ಇಳಿದಿದೆ' ಎಂದೇ ಸಂದೇಶ ಬಂತು. ಮಿನ್ ಕೂಡ ಒಂದು ಕಡೆ ಬಳಸಿದ್ದೆ.

ಸಂಡೂರಿನಿಂದ, ವೇಬ್ರಿಡ್ಜ್ ಸಾಫ್ಟ್‌ವೇರ್ ಬರೆಯುವವರು

ನಾನು ಅದಿರಿನ ಲಾರಿಗಳ ತೂಕ ದಾಖಲಿಸುವ ವಿಂಡೋಸ್ ಪ್ರೋಗ್ರಾಂಗಳನ್ನು ಬರೆಯುತ್ತೇನೆ. ಮೇಡಂ ಹೇಳಿದ ಮಿನ್, ಮ್ಯಾಕ್ಸ್ ನಮಗೂ ಹಳೆಯ ಗೋಳು. ವಿಂಡೋಸ್‌ನ ಮುಖ್ಯ ಹೆಡರ್ ಸೇರಿಸಿದರೆ ಆ ಎರಡು ಹೆಸರುಗಳು ಮ್ಯಾಕ್ರೊಗಳಾಗಿ ಒಳಗೆ ಬರುತ್ತವೆ, ಸಿ++ನ ಸ್ವಂತ ಸ್ಟ್ಯಾಂಡರ್ಡ್ ಲೈಬ್ರರಿಯ ಮಿನ್, ಮ್ಯಾಕ್ಸ್ ಕರೆಗಳು ಮುರಿದುಬೀಳುತ್ತವೆ. ಹೆಡರಿಗಿಂತ ಮೊದಲು ನೋಮಿನ್‌ಮ್ಯಾಕ್ಸ್ ಎಂದು ಡಿಫೈನ್ ಮಾಡಿದರೆ ಅವು ಬರುವುದಿಲ್ಲ. ಬೇರೆಯವರ ಕಡತದಲ್ಲಿ ಹಾಗೆ ಮಾಡಲು ಆಗದಿದ್ದಾಗ, ಫಂಕ್ಷನ್ನಿನ ಹೆಸರನ್ನು ಆವರಣದೊಳಗೆ ಇಟ್ಟು ಕರೆಯುತ್ತೇವೆ. ಹೆಸರಿನ ಬೆನ್ನಿಗೇ ಆವರಣ ತೆರೆದಿದ್ದರೆ ಮಾತ್ರ ಇಂಥ ಮ್ಯಾಕ್ರೊ ಬಿಚ್ಚಿಕೊಳ್ಳುವುದರಿಂದ, ನಡುವೆ ಮುಚ್ಚುವ ಆವರಣ ಬಂದರೆ ಅದು ಸುಮ್ಮನಿರುತ್ತದೆ.

ನನಗೆ ಒಂದು ಇಡೀ ದಿನ ತಿಂದದ್ದು ಎರರ್ ಎಂಬ ಹೆಸರು. ತೂಕದ ಸ್ಥಿತಿಗೆಂದು ಓಕೆ, ವೇಟಿಂಗ್, ಎರರ್ ಎಂದು ಮೂರು ಹೆಸರುಗಳ ಎನಮ್ (ಹೆಸರಿಟ್ಟ ಬೆಲೆಗಳ ಪಟ್ಟಿ) ಬರೆದಿದ್ದೆ. ವಿಂಡೋಸ್‌ನ ಗ್ರಾಫಿಕ್ಸ್ ಹೆಡರಿನಲ್ಲಿ ಎರರ್ ಎಂದರೆ 0 ಎಂದು ಮ್ಯಾಕ್ರೊ ಇದೆ. ನನ್ನ ಎನಮ್ಮಿನ ಒಳಗೆ ಹೆಸರಿನ ಬದಲು ಸೊನ್ನೆ ಹೋಗಿ ಕುಳಿತಿತ್ತು, ಕಂಪೈಲರ್ ಮಾತ್ರ ನನ್ನ ಸಾಲಿನಲ್ಲಿ ವ್ಯಾಕರಣ ತಪ್ಪಿದೆ ಎನ್ನುತ್ತಿತ್ತು. ಸಾಲನ್ನು ಎಷ್ಟು ಸಲ ಓದಿದರೂ ತಪ್ಪು ಕಾಣುವುದಿಲ್ಲ, ಏಕೆಂದರೆ ನಾವು ಓದುವ ಸಾಲು ಮತ್ತು ಕಂಪೈಲರ್ ಓದುವ ಸಾಲು ಒಂದೇ ಅಲ್ಲ.

ಇದು ವಿಂಡೋಸಿಗೆ ಮಾತ್ರ ಸೇರಿದ ಕಾಯಿಲೆಯಲ್ಲ. ಲಿನಕ್ಸ್‌ನಲ್ಲಿ ಪರದೆಯ ಕಿಟಕಿಗಳನ್ನು ನೋಡಿಕೊಳ್ಳುವ ಎಕ್ಸ್11ರ ಹೆಡರಿನಲ್ಲಿ ನನ್, ಸಕ್ಸೆಸ್, ಬೂಲ್ ಎಂಬ ಮ್ಯಾಕ್ರೊಗಳಿವೆ. ಕಿಟಕಿ, ಗುಂಡಿಗಳಿರುವ ಪ್ರೋಗ್ರಾಂ ಬರೆಯಲು ಬಳಸುವ ಕ್ಯೂಟಿ ಲೈಬ್ರರಿಯ ಹೆಡರನ್ನು ಮೊದಲು ಸೇರಿಸಿ ಆಮೇಲೆ ಪೈಥಾನಿನ ಸಿ ಹೆಡರನ್ನು ಸೇರಿಸಿದರೆ, ಪೈಥಾನಿನ ಒಂದು ಸ್ಟ್ರಕ್ಟಿನಲ್ಲಿರುವ ಸ್ಲಾಟ್ಸ್ ಎಂಬ ಸದಸ್ಯನ ಹೆಸರನ್ನು ಕ್ಯೂಟಿಯ ಸ್ಲಾಟ್ಸ್ ಮ್ಯಾಕ್ರೊ ನುಂಗಿಹಾಕುತ್ತದೆ. ಲಿನಕ್ಸ್‌ನಲ್ಲಿ ಜಿಸಿಸಿಯನ್ನು ಅದರ ಮಾಮೂಲಿ ರೀತಿಯಲ್ಲಿ ಓಡಿಸಿದರೆ 'ಲಿನಕ್ಸ್' ಎಂಬ ಪದವೇ 1 ಎಂಬ ಮ್ಯಾಕ್ರೊ ಆಗಿರುತ್ತದೆ, ಆ ಹೆಸರಿನ ವೇರಿಯಬಲ್ ಇಟ್ಟುಕೊಳ್ಳಲಾಗುವುದಿಲ್ಲ. ಆವೃತ್ತಿಯ ಸಂಖ್ಯೆಗೆ ಮೇಜರ್, ಮೈನರ್ ಎಂದು ಹೆಸರಿಟ್ಟವರೂ ಬಹಳ ವರ್ಷ ಪಾಡುಪಟ್ಟರು; ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿ 2018ರ 2.28ನೆಯ ಆವೃತ್ತಿಯಲ್ಲಿ ಸಿಸ್ ಟೈಪ್ಸ್ ಹೆಡರಿನ ಮೂಲಕ ಆ ಎರಡು ಮ್ಯಾಕ್ರೊಗಳು ಬರುವುದನ್ನು ನಿಲ್ಲಿಸಿತು.

ಗಂಗಾವತಿಯವರಿಗೆ ನನ್ನ ಸಲಹೆ ಒಂದೇ. ತೊಂದರೆ ಕೊಡುವ ಹೆಡರನ್ನು ಒಂದೇ ಒಂದು ಸಿಪಿಪಿ ಕಡತದಲ್ಲಿ ಮಾತ್ರ ಸೇರಿಸಿ, ಅಲ್ಲಿಂದ ಹೊರಗೆ ನಿಮ್ಮ ಸ್ವಂತ ಹೆಸರಿನ ಒಂದೆರಡು ಫಂಕ್ಷನ್‌ಗಳನ್ನು ಬಿಟ್ಟು ಬೇರೇನೂ ಬರದಂತೆ ಮಾಡಿ. ಪುಶ್_ಮ್ಯಾಕ್ರೊ, ಪಾಪ್_ಮ್ಯಾಕ್ರೊ ಎಂಬ ಪ್ರಾಗ್ಮಾಗಳಿವೆ (ಕಂಪೈಲರಿಗೆ ಕೊಡುವ ಸೂಚನೆಗಳು), ಅವು ಒಂದು ಹೆಸರನ್ನು ತಾತ್ಕಾಲಿಕವಾಗಿ ಎತ್ತಿಟ್ಟು ಮತ್ತೆ ತರುತ್ತವೆ. ಜಿಸಿಸಿ, ಕ್ಲ್ಯಾಂಗ್, ಮೈಕ್ರೋಸಾಫ್ಟ್ ಕಂಪೈಲರ್ ಮೂರರಲ್ಲೂ ನಡೆಯುತ್ತವೆ. ಆದರೆ ಅವನ್ನು ಬಳಸಿದ ಕಡತವನ್ನು ಆರು ತಿಂಗಳ ನಂತರ ನಾನೇ ಓದಿ ಅರ್ಥಮಾಡಿಕೊಳ್ಳಲು ಕಷ್ಟಪಟ್ಟಿದ್ದೇನೆ.

ರಾಯಚೂರಿನ ರಸ್ಟ್ ಬಳಕೆದಾರ

ಸರ್, ನೀವು ಹೇಳಿದ್ದೆಲ್ಲ ಸಿ ಭಾಷೆಯಲ್ಲಿ ಬದುಕುವ ಉಪಾಯಗಳು, ಅವುಗಳನ್ನು ಗೌರವಿಸುತ್ತೇನೆ. ಆದರೆ ಪ್ರತಿಯೊಬ್ಬ ಪ್ರೋಗ್ರಾಮರ್ ಎಚ್ಚರವಾಗಿರಬೇಕು ಎಂಬಲ್ಲಿಗೆ ಮಾತು ನಿಂತರೆ ನನಗೆ ಒಪ್ಪಿಗೆಯಿಲ್ಲ. ಒಂದು ಹೆಸರು ಯಾವ ಮಾಡ್ಯೂಲಿನಿಂದ ಬಂತೆಂಬುದು ಇಂಪೋರ್ಟ್ ಸಾಲಿನಲ್ಲೇ ಓದುವವರಿಗೆ ಕಾಣುವಂತೆ ಮಾಡುವುದು ಭಾಷೆಯ ಹೊಣೆ.

ರಸ್ಟ್ ಭಾಷೆಯೂ ಇದನ್ನು ಮೊದಲ ದಿನದಿಂದ ಸರಿಯಾಗಿ ಮಾಡಿರಲಿಲ್ಲ. ಆರಂಭದಲ್ಲಿ ಬೇರೊಂದು ಕ್ರೇಟಿನ (ರಸ್ಟ್‌ನಲ್ಲಿ ಲೈಬ್ರರಿಗೆ ಹೀಗೆನ್ನುತ್ತಾರೆ) ಮ್ಯಾಕ್ರೊ ಬೇಕಾದರೆ ಮ್ಯಾಕ್ರೊ_ಯೂಸ್ ಎಂಬ ಗುರುತನ್ನು ಕ್ರೇಟಿನ ಮೇಲೆ ಹಾಕಬೇಕಿತ್ತು, ಹಾಕಿದರೆ ಅದರ ಎಲ್ಲ ಮ್ಯಾಕ್ರೊಗಳೂ ಒಟ್ಟಿಗೆ ಒಳಗೆ ನುಗ್ಗುತ್ತಿದ್ದವು. ಅಂಥ ನಾಲ್ಕು ಸಾಲುಗಳಿದ್ದ ಹಳೆಯ ಕಡತವನ್ನು ಓದುವಾಗ ಯಾವ ಮ್ಯಾಕ್ರೊ ಯಾವ ಕ್ರೇಟಿನದೆಂದು ತಿಳಿಯಲು ನಾಲ್ಕೂ ಕ್ರೇಟುಗಳ ದಾಖಲೆ ತೆರೆಯಬೇಕಾಗುತ್ತಿತ್ತು. 2018ರ ಅಕ್ಟೋಬರಿನಲ್ಲಿ ಬಂದ 1.30ನೆಯ ಆವೃತ್ತಿಯಿಂದ ಮ್ಯಾಕ್ರೊಗಳನ್ನೂ ಬೇರೆ ಹೆಸರುಗಳಂತೆಯೇ ಯೂಸ್ ಸಾಲಿನಲ್ಲಿ ಹೆಸರು ಹಿಡಿದು ತರಬಹುದಾಯಿತು. ಲಾಗ್ ಕ್ರೇಟಿನಲ್ಲಿ ಇನ್ಫೊ ಎಂಬ ಮ್ಯಾಕ್ರೊ ಇದೆ, ಟ್ರೇಸಿಂಗ್ ಕ್ರೇಟಿನಲ್ಲೂ ಇದೆ. ಎರಡನ್ನೂ ಹೆಸರು ಹಿಡಿದು ತಂದರೆ ಕಂಪೈಲರ್ ಅಲ್ಲಿಯೇ ತಡೆದು, ಎರಡೂ ಸಾಲುಗಳನ್ನು ತೋರಿಸುತ್ತದೆ. ಒಂದಕ್ಕೆ ಆ್ಯಸ್ ಹಚ್ಚಿ ಬೇರೆ ಹೆಸರು ಕೊಟ್ಟರೆ ಮುಗಿಯಿತು. ಮ್ಯಾಕ್ರೊಗಳಿಗೆ ಪ್ರತ್ಯೇಕ ಹೆಸರಿನ ಪಟ್ಟಿ ಇರುವುದರಿಂದ ಅದೇ ಹೆಸರಿನ ಫಂಕ್ಷನ್ನಿನ ಜೊತೆ ಜಗಳವೂ ಇಲ್ಲ.

ಸಿ++20ರ ಮಾಡ್ಯೂಲುಗಳೂ ಇದೇ ದಾರಿಗೆ ಬಂದಿವೆ. ಹೆಸರಿರುವ ಮಾಡ್ಯೂಲನ್ನು ಇಂಪೋರ್ಟ್ ಮಾಡಿದರೆ ಅದರೊಳಗಿನ ಒಂದು ಮ್ಯಾಕ್ರೊವೂ ಹೊರಗೆ ಬರುವುದಿಲ್ಲ, ನಿಮ್ಮ ಮ್ಯಾಕ್ರೊಗಳು ಅದರೊಳಗೆ ಹೋಗುವುದೂ ಇಲ್ಲ. ಹಳೆಯ ಹೆಡರನ್ನೇ ಇಂಪೋರ್ಟ್ ಮಾಡುವ 'ಹೆಡರ್ ಯೂನಿಟ್' ಎಂಬ ಇನ್ನೊಂದು ಬಗೆಯಲ್ಲಿ ಮಾತ್ರ ಮ್ಯಾಕ್ರೊಗಳು ಬರುತ್ತವೆ. ಸಂಡೂರಿನ ಸರ್ ಗಮನಿಸಬೇಕಾದದ್ದು ಇಲ್ಲಿದೆ: ಇಂಪೋರ್ಟ್ ಸಾಲಿನ ಮೇಲೆ ನೋಮಿನ್‌ಮ್ಯಾಕ್ಸ್ ಎಂದು ಡಿಫೈನ್ ಮಾಡಿದರೆ ಅದು ಹೆಡರ್ ಯೂನಿಟ್ಟಿಗೆ ಕೇಳಿಸುವುದಿಲ್ಲ, ಆ ಯೂನಿಟ್ಟನ್ನು ಕಂಪೈಲ್ ಮಾಡುವಾಗಲೇ ಕಮಾಂಡ್ ಸಾಲಿನಲ್ಲಿ ಕೊಡಬೇಕು.

ಕೊಪ್ಪಳದಿಂದ, ಸ್ಕೀಮ್ ಮತ್ತು ರಾಕೆಟ್ ಕಲಿಯುತ್ತಿರುವವರು

ಈ ಚರ್ಚೆಯಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳು ಒಂದರೊಳಗೊಂದು ಬೆರೆಯುವ ಮೊದಲೇ ಬಿಡಿಸಿಡುವುದು ಒಳ್ಳೆಯದು. 'ಹೈಜೀನಿಕ್ ಮ್ಯಾಕ್ರೊ, ಅಂದರೆ ತನ್ನೊಳಗಿನ ಹೆಸರುಗಳನ್ನು ಬಳಸುವವರ ಹೆಸರುಗಳೊಂದಿಗೆ ಬೆರೆಸದ ಮ್ಯಾಕ್ರೊ, ಇರುವ ಭಾಷೆಯಲ್ಲಿ ಹೆಸರಿನ ಘರ್ಷಣೆಯೇ ಇರುವುದಿಲ್ಲ' ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ, ಅದು ಅರ್ಧ ಮಾತ್ರ ನಿಜ.

ಮೊದಲ ಸಮಸ್ಯೆ ಮ್ಯಾಕ್ರೊ ಬಿಚ್ಚಿಕೊಂಡ ನಂತರದ್ದು. ಎರಡು ವೇರಿಯಬಲ್‌ಗಳ ಬೆಲೆಯನ್ನು ಅದಲುಬದಲು ಮಾಡುವ ಸ್ವಾಪ್ ಎಂಬ ಮ್ಯಾಕ್ರೊ ತನ್ನೊಳಗೆ ಟೆಂಪ್ ಎಂಬ ತಾತ್ಕಾಲಿಕ ಹೆಸರನ್ನು ಬಳಸಿದೆ ಎಂದುಕೊಳ್ಳಿ. ಬಳಸುವವರ ವೇರಿಯಬಲ್ಲಿನ ಹೆಸರೂ ಟೆಂಪ್ ಆಗಿದ್ದರೆ, ಸಿ ಪ್ರೀಪ್ರೊಸೆಸರಿನಲ್ಲಿ ಎರಡೂ ಒಂದೇ ಆಗಿ ಬೆಲೆಗಳು ಹಾಳಾಗುತ್ತವೆ. ಕೋಲ್‌ಬೆಕರ್, ಫ್ರೀಡ್‌ಮನ್, ಫೆಲೈಸನ್ ಮತ್ತು ಡೂಬಾ 1986ರಲ್ಲಿ ಪ್ರಕಟಿಸಿದ ಲೇಖನ ಬಗೆಹರಿಸಿದ್ದು ಇದನ್ನು: ಮ್ಯಾಕ್ರೊ ತಂದ ಟೆಂಪ್ ಬೇರೆ, ಬಳಸುವವರು ಬರೆದ ಟೆಂಪ್ ಬೇರೆ ಎಂದು ಬಿಚ್ಚುವ ಯಂತ್ರವೇ ನೆನಪಿಟ್ಟುಕೊಳ್ಳುತ್ತದೆ. ಸ್ಕೀಮ್ ಭಾಷೆಯ 1991ರ ವರದಿಯ ಅನುಬಂಧದಲ್ಲಿ ಇಂಥ ಮ್ಯಾಕ್ರೊ ಬರೆಯುವ ಸಿಂಟ್ಯಾಕ್ಸ್-ರೂಲ್ಸ್ ಬಂತು, 1998ರ ವರದಿಯಲ್ಲಿ ಅದು ಭಾಷೆಯ ಅಂಗವೇ ಆಯಿತು.

ಎರಡನೆಯ ಸಮಸ್ಯೆ ಮ್ಯಾಕ್ರೊವಿನ ಸ್ವಂತ ಹೆಸರಿನದು. ಎರಡು ಮಾಡ್ಯೂಲುಗಳು ಸ್ವಾಪ್ ಎಂಬ ಹೆಸರಿನ ಎರಡು ಬೇರೆ ಮ್ಯಾಕ್ರೊಗಳನ್ನು ಕೊಟ್ಟರೆ, ನೀವು ಸ್ವಾಪ್ ಎಂದು ಬರೆದಾಗ ಯಾವುದು ಬರಬೇಕು? ಎಷ್ಟೇ ಹೈಜೀನ್ ಇದ್ದರೂ ಈ ಪ್ರಶ್ನೆ ಹಾಗೆಯೇ ಉಳಿಯುತ್ತದೆ, ಇದಕ್ಕೆ ಉತ್ತರ ಕೊಡಬೇಕಾದದ್ದು ಮಾಡ್ಯೂಲಿನ ವ್ಯವಸ್ಥೆ. ರಾಕೆಟ್ ಭಾಷೆ ಇಲ್ಲಿ ಬಹಳ ನೇರವಾಗಿದೆ: ಎರಡು ರಿಕ್ವೈರ್‌ಗಳಿಂದ (ಅಲ್ಲಿನ ಇಂಪೋರ್ಟ್ ಸಾಲುಗಳು) ಒಂದೇ ಹೆಸರಿಗೆ ಬೇರೆ ಬೇರೆ ಅರ್ಥ ಬಂದರೆ ಪ್ರೋಗ್ರಾಂ ಓಡುವುದಕ್ಕೆ ಮೊದಲೇ ದೋಷ ಕೊಡುತ್ತದೆ. ಇದರಲ್ಲಿ ನನಗೆ ಬಹಳ ಹಿಡಿಸಿದ ಸೂಕ್ಷ್ಮವೆಂದರೆ, ಎರಡು ಮಾಡ್ಯೂಲುಗಳೂ ಮೂರನೆಯ ಒಂದು ಮಾಡ್ಯೂಲಿನ ಅದೇ ಮ್ಯಾಕ್ರೊವನ್ನು ಮರುರಫ್ತು ಮಾಡುತ್ತಿದ್ದರೆ ಅದು ಘರ್ಷಣೆ ಎಂದು ಎಣಿಕೆಯಾಗುವುದಿಲ್ಲ. ಅಂದರೆ ಅದು ಅಕ್ಷರಗಳನ್ನು ಹೋಲಿಸುವುದಿಲ್ಲ, ಆ ಹೆಸರಿನ ಹಿಂದಿರುವ ವಸ್ತು ಒಂದೇ ಹೌದೋ ಅಲ್ಲವೋ ಎಂದು ನೋಡುತ್ತದೆ. ಸಿ ಪ್ರೀಪ್ರೊಸೆಸರ್ ಇದಕ್ಕೆ ತದ್ವಿರುದ್ಧ: ಎರಡು ಕಡತಗಳಲ್ಲಿ ಸಂಬಂಧವೇ ಇಲ್ಲದೆ ಹುಟ್ಟಿದ ಎರಡು ಮ್ಯಾಕ್ರೊಗಳ ಪಠ್ಯ ಒಂದೇ ಆಗಿದ್ದರೆ ಅದು ಒಪ್ಪಿಕೊಂಡುಬಿಡುತ್ತದೆ.

ಘರ್ಷಣೆಯಾದಾಗ ಬಿಡಿಸುವ ಸಲಕರಣೆಗಳು ಸ್ಕೀಮಿನ 2007ರ ವರದಿಯಲ್ಲೇ ಇವೆ: ಬೇಕಾದ ಹೆಸರು ಮಾತ್ರ ತರಲು ಓನ್ಲಿ, ಬೇಡವಾದದ್ದನ್ನು ಬಿಡಲು ಎಕ್ಸೆಪ್ಟ್, ಎಲ್ಲದಕ್ಕೂ ಮುಂಪದ ಹಚ್ಚಲು ಪ್ರಿಫಿಕ್ಸ್, ಹೆಸರು ಬದಲಿಸಲು ರೀನೇಮ್. ಕಾಮನ್ ಲಿಸ್ಪ್‌ನಲ್ಲಿ ಇದೇ ಕೆಲಸವನ್ನು ಪ್ಯಾಕೇಜುಗಳ ಶ್ಯಾಡೋಯಿಂಗ್-ಇಂಪೋರ್ಟ್ ಮಾಡುತ್ತದೆ.

ಬಳ್ಳಾರಿಯ ಉಪನ್ಯಾಸಕಿ

ಕೊಪ್ಪಳದವರು ಬಿಡಿಸಿಟ್ಟದ್ದು ಬಹಳ ಚೆನ್ನಾಗಿದೆ, ಮುಂದಿನ ಸಲ ನನ್ನ ತರಗತಿಯಲ್ಲಿಯೂ ಹೀಗೆಯೇ ಹೇಳುತ್ತೇನೆ. ಆದರೆ ದೋಷ ಯಾವಾಗ ಬರಬೇಕು ಎಂಬುದರಲ್ಲಿ ಭಾಷೆಗಳು ಒಂದೇ ಮಾತು ಹೇಳುವುದಿಲ್ಲ. ರಾಕೆಟ್ ಇಂಪೋರ್ಟ್ ಮಾಡಿದಾಗಲೇ ನಿಲ್ಲಿಸುತ್ತದೆ. ಎಲಿಕ್ಸಿರ್‌ನಲ್ಲಿ ಎರಡು ಮಾಡ್ಯೂಲುಗಳನ್ನು ಪೂರ್ತಿಯಾಗಿ ಇಂಪೋರ್ಟ್ ಮಾಡಿ, ಒಂದೇ ಹೆಸರಿನ, ಅಷ್ಟೇ ಆರ್ಗ್ಯುಮೆಂಟುಗಳ ಮ್ಯಾಕ್ರೊ ಎರಡರಲ್ಲೂ ಇದ್ದರೂ, ನೀವು ಆ ಹೆಸರನ್ನು ಕರೆಯುವವರೆಗೆ ಅದು ಮಾತಾಡುವುದಿಲ್ಲ. ಕರೆದ ಸಾಲಿ‌ನಲ್ಲಿ ಮಾತ್ರ 'ಇದು ಎರಡು ಕಡೆಯಿಂದ ಬಂದಿದೆ, ಯಾವುದೆಂದು ತಿಳಿಯುತ್ತಿಲ್ಲ' ಎಂದು ನಿಲ್ಲಿಸುತ್ತದೆ. ರಸ್ಟ್‌ನಲ್ಲಿ ನಕ್ಷತ್ರ ಚಿಹ್ನೆ ಹಾಕಿ ಎಲ್ಲವನ್ನೂ ತಂದರೆ ನಡೆಯುವುದೂ ಹೀಗೆಯೇ. ಜೂಲಿಯಾದಲ್ಲಿ ಮ್ಯಾಕ್ರೊ ಹೆಸರು ಆ್ಯಟ್ ಚಿಹ್ನೆಯಿಂದ ಶುರುವಾಗುತ್ತದೆ. ಎರಡು ಮಾಡ್ಯೂಲುಗಳು ಅದೇ ಹೆಸರನ್ನು ರಫ್ತು ಮಾಡಿದ್ದರೆ, ಬಳಸುವಾಗ ಮಾಡ್ಯೂಲಿನ ಹೆಸರು ಸೇರಿಸಿ ಬರೆಯಿರಿ ಎನ್ನುತ್ತದೆ. ಅಲ್ಲಿ ಆ್ಯಸ್ ಹಚ್ಚಿ ಹೆಸರು ಬದಲಿಸುವ ಸೌಕರ್ಯ 2021ರ 1.6ನೆಯ ಆವೃತ್ತಿಯಲ್ಲಿ ಬಂತು.

ಬಳಸಿದಾಗ ಮಾತ್ರ ದೋಷ ಬರುವುದೇ ನನಗೆ ಹೆಚ್ಚು ನ್ಯಾಯವೆನಿಸುತ್ತದೆ. ಲೈಬ್ರರಿಯವರು ಮುಂದಿನ ಆವೃತ್ತಿಯಲ್ಲಿ ನಾನು ಎಂದೂ ಬಳಸದ ಒಂದು ಮ್ಯಾಕ್ರೊವನ್ನು ಸೇರಿಸಿದರೆಂಬ ಕಾರಣಕ್ಕೆ, ನಿನ್ನೆಯವರೆಗೆ ಓಡುತ್ತಿದ್ದ ನನ್ನ ಪ್ರೋಗ್ರಾಂ ಇಂದು ನಿಲ್ಲಬಾರದು. ದೋಷ ಮೊದಲು ಬಂದರೂ ನಂತರ ಬಂದರೂ ಸಹಿಸಬಹುದು. ಗಂಗಾವತಿಯವರಿಗೆ ಆದಂತೆ ಬರದೇ ಇರುವುದನ್ನು ಮಾತ್ರ ಸಹಿಸಲಾಗದು.

ರಾಯಚೂರಿನ ರಸ್ಟ್ ಬಳಕೆದಾರ

ಮೇಡಂ, ಒಂದೇ ಒಂದು ಭಿನ್ನಾಭಿಪ್ರಾಯ. ಪೂರ್ತಿ ಮಾಡ್ಯೂಲನ್ನು ತರುವ ಅಭ್ಯಾಸವನ್ನು ಬಿಟ್ಟರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಹೆಸರು ಹಿಡಿದು ಮೂರೇ ಮ್ಯಾಕ್ರೊ ತಂದವರಿಗೆ ಲೈಬ್ರರಿಯಲ್ಲಿ ನಾಲ್ಕನೆಯದು ಹುಟ್ಟಿದರೆ ತೊಂದರೆಯೇನು? ನಾನು ಕೆಲಸ ಮಾಡುವ ತಂಡದಲ್ಲಿ ನಕ್ಷತ್ರದ ಇಂಪೋರ್ಟ್ ಇರುವ ಕೋಡನ್ನು ಪರಿಶೀಲನೆಯಲ್ಲೇ ಹಿಂದಕ್ಕೆ ಕಳಿಸುತ್ತೇವೆ. ಎಲಿಕ್ಸಿರ್‌ನಲ್ಲೂ ಓನ್ಲಿ ಬರೆದು, ಆ ಇಂಪೋರ್ಟನ್ನು ಬೇಕಾದ ಫಂಕ್ಷನ್ನಿನ ಒಳಗಷ್ಟೇ ಇಟ್ಟುಕೊಳ್ಳಬಹುದು.

ಗಂಗಾವತಿಯಿಂದ

ಎಲ್ಲರಿಗೂ ಕೃತಜ್ಞತೆಗಳು. ರಸ್ಟ್, ರಾಕೆಟ್ ನನಗಿನ್ನೂ ಬಾರವು, ಆದರೆ ಹೇಳಿದ್ದು ಅರ್ಥವಾಯಿತು. ಈ ಎರಡು ದಿನ ಮಾಡಿದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿರಿ.

ಸಂಡೂರಿನ ಸರ್ ಹೇಳಿದಂತೆ ಲೈಬ್ರರಿಯ ಹೆಡರನ್ನು 'ಸೆನ್ಸರ್' ಎಂಬ ಒಂದೇ ಸಿಪಿಪಿ ಕಡತದಲ್ಲಿ ಇಟ್ಟೆ. ಅಲ್ಲಿಂದ ತೂಬಿನ_ದೂರ_ಓದು ಎಂಬ ಒಂದೇ ಫಂಕ್ಷನ್ ಹೊರಗೆ ಬರುತ್ತದೆ. ಪ್ರತಿಧ್ವನಿ ಬರದಿದ್ದರೆ ಅದು ಮೈನಸ್ 1 ಕೊಡುತ್ತದೆ. ಮುಖ್ಯ ಕಡತಕ್ಕೆ ಈಗ ಮ್ಯಾಕ್ಸ್_ಡಿಸ್ಟೆನ್ಸ್ ಎಂಬ ಹೆಸರೇ ಗೊತ್ತಿಲ್ಲ. ನನ್ನ 180ನ್ನು ಮ್ಯಾಕ್ರೊ ಬಿಟ್ಟು, ತೂಬು ಎಂಬ ನೇಮ್‌ಸ್ಪೇಸಿನೊಳಗೆ ಕೆಳಮಟ್ಟ ಎಂಬ ಕಾನ್‌ಸ್ಟ್‌ಎಕ್ಸ್‌ಪರ್ (ಬದಲಾಗದ ಸ್ಥಿರ ಬೆಲೆ) ಆಗಿ ಬರೆದೆ. ಕುತೂಹಲಕ್ಕೆ ಒಮ್ಮೆ ಅದಕ್ಕೆ ಹಳೆಯ ಹೆಸರನ್ನೇ ಕೊಟ್ಟು, ಲೈಬ್ರರಿಯ ಹೆಡರನ್ನು ಮೇಲೆ ಸೇರಿಸಿ ನೋಡಿದೆ. ಆ ಸಾಲು '400 = 180' ಎಂದಾಗಿ ಕಂಪೈಲರ್ ಅಲ್ಲೇ ನಿಂತಿತು. ಮೊದಲೇ ಹೀಗೆ ಬರೆದಿದ್ದರೆ ನಾಲ್ಕು ದಿನ ಉಳಿಯುತ್ತಿತ್ತು. ಮಿನ್ ಇದ್ದ ಕಡೆ ಓದಿದ ಬೆಲೆಯನ್ನು ಮೊದಲು ಒಂದು ವೇರಿಯಬಲ್ಲಿಗೆ ಹಾಕಿಕೊಂಡು ಆಮೇಲೆ ಹೋಲಿಸುತ್ತೇನೆ. ಎಚ್ಚರಿಕೆಗಳನ್ನೂ ತೆರೆದಿಟ್ಟಿದ್ದೇನೆ.

ನಿನ್ನೆ ಮನೆಯ ಅಂಗಳದ ನೀರಿನ ತೊಟ್ಟಿಯ ಮೇಲೆ ಬಿದಿರಿನ ಗಳ ನಿಲ್ಲಿಸಿ ಸೆನ್ಸರ್ ಕಟ್ಟಿ, ತೊಟ್ಟಿಯ ನೀರನ್ನು ಖಾಲಿ ಮಾಡುತ್ತಾ ನೋಡಿದೆ. 178ರಲ್ಲಿ ಸುಮ್ಮನಿತ್ತು, 181ರಲ್ಲಿ ಸಂದೇಶ ಬಂತು. ವೈರು ಕಿತ್ತಾಗ 'ಸೆನ್ಸರ್ ಕೆಟ್ಟಿದೆ' ಎಂದು ಬಂತು. ಇವತ್ತು ಸಂಜೆ ತೂಬಿಗೆ ಕಟ್ಟಿದ್ದೇವೆ. ಮೊದಲ ವಾರ ರಾತ್ರಿ ಒಂದು ಸಲವಾದರೂ ತಾವೇ ಹೋಗಿ ಮೊಬೈಲಿನ ಲೆಕ್ಕಕ್ಕೆ ತಾಳೆ ನೋಡುವುದಾಗಿ ತಂದೆ ಹೇಳಿದ್ದಾರೆ, ನಾನೂ ಜೊತೆಗೆ ಹೋಗುತ್ತಿದ್ದೇನೆ.